ಉಪನಯನಕ್ಕೆ ಕಪ್ಪು ಕಾಗದದ ಮುಖಚಿತ್ರ: ಕತ್ತರಿಯಲ್ಲೇ ಮಾಡುವ ಬಗೆ ತಿಳಿಸಿ

ಡೊಂಬಿವಲಿ ಈಸ್ಟ್ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಮೇ ತಿಂಗಳಲ್ಲಿ ಮನೆಯಲ್ಲಿ ಉಪನಯನವಿದೆ. ವಟು, ಅವನ ಅಪ್ಪ ಅಮ್ಮ, ಅಜ್ಜ ಅಜ್ಜಿ, ಹೀಗೆ ಐವರ ಪಕ್ಕನೋಟದ ಮುಖವನ್ನು ಕಪ್ಪು ಕಾಗದದಲ್ಲಿ ಕತ್ತರಿಸಿ ಚೌಕಟ್ಟು ಹಾಕಿಸುವ ಆಸೆ. ಹಳೆಯ ಸಿಲೂಯೆಟ್ ಚಿತ್ರಗಳ ಹಾಗೆ ಬರಬೇಕು. ವಟುವಿನದು ಎರಡು ಪ್ರತಿ ಬೇಕು, ಒಂದು ಸೋದರಮಾವನ ಮನೆಗೆ.

ಫೋನಿನಲ್ಲಿ ಫೋಟೊ ತೆಗೆದು, ಪ್ರಿಂಟ್ ಹಾಕಿಸಿ, ಕಪ್ಪು ಕಾರ್ಡ್‌ಶೀಟಿನ ಮೇಲಿಟ್ಟು ಕತ್ತರಿಸಿ ನೋಡಿದ್ದಾಯಿತು. ಅಂಚು ಮೆಟ್ಟಿಲು ಮೆಟ್ಟಿಲಾಗುತ್ತದೆ. ಮುಖ ಯಾರದೋ ಅನ್ನಿಸುತ್ತದೆ, ನಮ್ಮವರದು ಅನ್ನಿಸುವುದಿಲ್ಲ. ಬಿಳಿ ಮರದಂಟು ಹಾಕಿ ಅಂಟಿಸಿದರೆ ಮರುದಿನ ತುದಿಗಳೆಲ್ಲ ಸುರುಳಿ. ಸ್ಟೇಷನ್ ಹತ್ತಿರದ ಲೇಸರ್ ಕಟಿಂಗ್ ಅಂಗಡಿಯವರು ಐದನ್ನೂ ಅರ್ಧ ಗಂಟೆಯಲ್ಲಿ ಮಾಡಿಕೊಡುತ್ತಾರಂತೆ. ಕೈಯಲ್ಲೇ ಮಾಡುವುದರಿಂದ ಚಿತ್ರಕ್ಕೆ ಏನಾದರೂ ಹೆಚ್ಚು ಬರುತ್ತದೆಯೇ, ಇಲ್ಲವೇ? ಗೊತ್ತಿದ್ದವರು ದಯವಿಟ್ಟು ವಿವರವಾಗಿ ಬರೆಯಿರಿ.

ಕೊತ್ರೂಡ್ ಕತ್ತರಿ, ಪುಣೆ

ನಮಸ್ಕಾರ್ರಿ. ಮೊದಲ ಆ ಕಾರ್ಡ್‌ಶೀಟ್ ಬಿಡ್ರಿ. ಅದು 200 ಜಿಎಸ್‌ಎಂ ಮ್ಯಾಲೆನ ಇರತದ (ಜಿಎಸ್‌ಎಂ ಅಂದ್ರ ಒಂದು ಚದರ ಮೀಟರ್ ಕಾಗದದ ತೂಕ, ಗ್ರಾಂ ಲೆಕ್ಕದಾಗ). ಅಷ್ಟು ದಪ್ಪ ಕಾಗದ ಕತ್ತರಿ ಬಾಯಾಗ ಸುಲಭ ತಿರುಗೂದಿಲ್ಲ. ಮೂಗಿನ ತುದಿ, ತುಟಿ ಬಂದಾಗ ಅಲಗು ನಿಂತು ನಿಂತು ಹೋಗತದ. ನಿಮ್ಮ ಮೆಟ್ಟಲಿಗೆ ಅರ್ಧ ಕಾರಣ ಅದ. 80ರಿಂದ 100 ಜಿಎಸ್‌ಎಂ ಕಾಗದ ಸಾಕು, 120 ಮೀರಬ್ಯಾಡ್ರಿ.

ಕೈ ಕೂಡಿಸಿಕೊಳ್ಳಲಿಕ್ಕೆ ಘೋಟೀವ್ ಕಾಗದ ಛಲೋ. ನಮ್ಮಲ್ಲೆ ಅಪ್ಪಾ ಬಳವಂತ ಚೌಕದ ಸ್ಟೇಷನರಿ ಅಂಗಡಿಯೊಳಗ, ನಿಮಗ ಮುಂಬೈನ ಅಬ್ದುಲ್ ರೆಹಮಾನ್ ಸ್ಟ್ರೀಟಿನ್ಯಾಗ ಸಿಗತದ. ಒಂದು ಬದಿ ಮಿಂಚೋ ಕಪ್ಪು, ಹಿಂದ ಬಿಳಿ. ತೆಳ್ಳಗ ಇರೂದಕ್ಕ ಅಂಚು ಚೊಕ್ಕ ಬರತದ. ಅದರ ದೋಷ ಏನಂದ್ರ ಮಡಚಿದಲ್ಲೆ ಬಣ್ಣ ಒಡದು ಬಿಳಿ ಗೆರಿ ಮೂಡತದ, ಬಿಸಲಿಗೆ ಬಣ್ಣ ಇಳೀತದ. ಅದಕ್ಕ ಚೌಕಟ್ಟಿಗೆ ಹೋಗೂ ಚಿತ್ರಕ್ಕ ತಿರುಳಿನೊಳಗ ಬಣ್ಣ ಕೂಡಿಸಿದ ಕಾಗದ ತಗೋರಿ. ಮೂಲೀ ಹರದು ನೋಡ್ರಿ: ಒಳಗೂ ಕಪ್ಪಿದ್ರ ಖರೆ ಮಾಲು, ನಡುವ ಬಿಳಿ ಕಂಡ್ರ ಬರೇ ಮೇಲ್ಬಣ್ಣ. ಬಿಳಿ ತಿರುಳಿನ ಕಾಗದ ಕತ್ತರಿಸಿದ್ರ ಮುಖದ ಸುತ್ತ ಕೂದಲೆಳಿಯಷ್ಟು ಬಿಳಿ ಅಂಚು ಉಳೀತದ. ಬ್ಯಾರೆ ಸಿಗದಿದ್ರ ಹಿಂಬದಿಯಿಂದ ಕಪ್ಪು ಮಾರ್ಕರ್ ತುದಿ ಅಂಚಿಗುಂಟ ಒಮ್ಮೆ ಓಡಸ್ರಿ, ಮುಚ್ಚತದ.

ಕತ್ತರಿ ವಿಷಯ. ಬಟ್ಟೆ ಕತ್ತರಿ ಆಗೂದಿಲ್ಲ. 4 ಇಂಚಿನ ಕಸೂತಿ ಕತ್ತರಿ ನಡೀತದ. ಅದಕ್ಕಿಂತ ಛಲೋದು ಕಣ್ಣಿನ ಶಸ್ತ್ರಚಿಕಿತ್ಸಾಕ್ಕ ಬಳಸೂ ಐರಿಸ್ ಕತ್ತರಿ, ನೆಟ್ಟಗಿನ ಅಲಗಿಂದು, 11.5 ಸೆಂ.ಮೀ. ಸರ್ಜಿಕಲ್ ಅಂಗಡಿಯೊಳಗ ಕೇಳ್ರಿ. ನಿಮ್ಮ ಕಡೆ ಪ್ರಿನ್ಸೆಸ್ ಸ್ಟ್ರೀಟ್ ಸುತ್ತಮುತ್ತ ಅಂಥಾ ಅಂಗಡಿ ಬಾಳ ಅವ. ಕೊಳ್ಳೂ ಮೊದಲ ಒಂದು ಟಿಶ್ಯೂ ಕಾಗದ ತುದಿಯಿಂದ ಕತ್ತರಿಸಿ ನೋಡ್ರಿ. ಕೊನೇ 2 ಮಿ.ಮೀ. ಒಳಗ ಕಾಗದ ಮಡಚಿ ಸಿಕ್ಕೊಂಡ್ರ ತುದಿ ಕೂಡಿಲ್ಲ ಅಂತ ತಿಳೀರಿ, ಬ್ಯಾಡ ಅದು.

ಇನ್ನ ಕೈ. ಕತ್ತರಿ ನಡಸಬಾರದು, ಕಾಗದ ನಡಸಬೇಕು. ಈ ಕಲಾದ ಜೀವ ಇಷ್ಟರೊಳಗ ಅದ. ಬಲಗೈ ಮೊಣಕೈ ಪಕ್ಕೆಗೆ ಊರಿ, ಕತ್ತರಿ ಒಂದ ಜಾಗಾದಾಗ ಬಾಯಿ ತಗದು ಮುಚ್ಚಬೇಕು. ಎಡಗೈ ಕಾಗದ ತಿರುಗಿಸಿಕೋತ ಅದರ ಬಾಯಿಗೆ ಉಣಿಸಬೇಕು. ಅಲಗಿನ ನಡು ಭಾಗದಿಂದ ಕತ್ತರಿಸ್ರಿ, ಪೂರಾ ಮುಚ್ಚಬ್ಯಾಡ್ರಿ. ತುದಿ ತನಕ ಮುಚ್ಚಿ ಮತ್ತ ತಗದ ಪ್ರತಿಯೊಂದು ಜಾಗಾದಾಗೂ ಒಂದು ಹಲ್ಲು ಬೀಳತದ. ನಿಮ್ಮ ಮೆಟ್ಟಲಿನ ಉಳಿದ ಅರ್ಧ ಕಾರಣ ಇದು. ಮುಕ್ಕಾಲು ಮುಚ್ಚಿ, ಬಾಯಿ ತಗದು, ಕಾಗದ ಮುಂದ ತಳ್ಳಿ, ಮತ್ತ ಮುಕ್ಕಾಲು.

ಬಲಗೈ ಮಂದಿಗೆ ಗಡಿಯಾರದ ಎದುರು ದಿಕ್ಕಿನ್ಯಾಗ ಹೋಗೂದು ಸರಳ, ಉಳಿಸಿಕೊಳ್ಳೂ ತುಂಡು ಎಡಗೈಯಾಗ ಇರತದ. ಅಂದ್ರ ಬಲಕ್ಕ ಮುಖ ಮಾಡಿದ ಚಿತ್ರ ಇಟ್ಟುಕೊಂಡು, ಎದಿ ಕೆಳಗಿಂದ ಸುರು ಮಾಡಿ ಗಂಟಲ, ಗದ್ದ, ತುಟಿ, ಮೂಗು, ಹಣಿ, ನೆತ್ತಿ ದಾಟಿ ಹಿಂದಿನ ಕುತ್ತಿಗಿಗೆ ಇಳೀಬೇಕು. ಗದ್ದದಿಂದ ಹಣಿ ತನಕ ನಿಲ್ಲಬ್ಯಾಡ್ರಿ. ನಿಲ್ಲೂದಿದ್ರ ಗಂಟಲಾಗ ನಿಂದ್ರಿ, ನೆತ್ತಿಯಾಗ ನಿಂದ್ರಿ. ಗೆರಿ ಕಾಗದದ ಬೆನ್ನಿನ ಮ್ಯಾಲೆ ಬರೀರಿ; ಬೆನ್ನಿನ್ಯಾಗ ಬಲಕ್ಕ ನೋಡೂ ಮುಖ ತಿರುವಿ ಹಾಕಿದ್ರ ಎಡಕ್ಕ ನೋಡತದ, ಅದು ನೆನಪಿರಲಿ.

ಮೂಗಿನ ತುದಿ ಮತ್ತ ಗದ್ದದ ಹತ್ರ ಅರ್ಧ ಮಿ.ಮೀ. ಹೆಚ್ಚು ಬಿಟ್ಟು ಕತ್ತರಿಸ್ರಿ. ಮ್ಯಾಲೆ ಸವರಬಹುದು, ಹಚ್ಚಲಿಕ್ಕೆ ಬರೂದಿಲ್ಲ. ರೆಪ್ಪಿ, ಜುಟ್ಟದ ಎಳಿ, ಇಂಥಾವು ಎಲ್ಲಾ ಮುಗದ ಮ್ಯಾಲೆ, ಕತ್ತರಿ ತುದಿಯಿಂದ.

ಅಂಟಿಗೆ ನಾ ಹೇಳೂದು ಇಷ್ಟ: ನಡುವ ಮೂರ್ನಾಲ್ಕು ಚುಕ್ಕಿ ಸಾಕು, ಪೂರ್ತಿ ಬಳಿಯಬ್ಯಾಡ್ರಿ.

ಮಾಟುಂಗಾ ಪಕ್ಕನೋಟ

ಪುಣೆಯವರು ಕೈಕೆಲಸ ಹೇಳಿದ್ದಾರೆ. ಹೋಲಿಕೆ ತಪ್ಪುವುದು ಮಾತ್ರ ಕತ್ತರಿ ಹಿಡಿಯುವ ಮೊದಲೇ, ಫೋಟೊದಲ್ಲೇ.

ಹತ್ತಿರದಿಂದ ತೆಗೆದಿರುತ್ತೀರಿ. ಅರ್ಧ ಮೀಟರಿನಿಂದ ತೆಗೆದರೆ ಕ್ಯಾಮೆರಾ ಕಡೆಯ ಕೆನ್ನೆಮೂಳೆ ಮತ್ತು ಹುಬ್ಬು ಉಬ್ಬಿ ಬಂದು ಕಣ್ಣಿನ ಗುಳಿಯನ್ನು ಮುಚ್ಚುತ್ತವೆ. ಹಣೆಗೂ ಮೂಗಿಗೂ ನಡುವಿನ ಆ ತಗ್ಗು ಕಡಿಮೆಯಾದರೆ ಮುಖದ ಗುರುತೇ ಹೋಗುತ್ತದೆ. 3 ಮೀಟರ್ ದೂರ ನಿಂತು, ಎರಡು ಮೂರು ಪಟ್ಟು ಜೂಮ್ ಮಾಡಿ, ಕ್ಯಾಮೆರಾವನ್ನು ಕುಳಿತವರ ಕಿವಿಯ ಮಟ್ಟಕ್ಕೆ ಇಳಿಸಿ ತೆಗೆಯಿರಿ. ಹಿಂದೆ ಬಿಳಿ ಪರದೆಯ ಕಿಟಕಿ ಇರಲಿ, ಮುಖದ ಮೇಲೆ ದೀಪ ಬೇಡ. ಕಿವಿಯ ರಂಧ್ರ ಮತ್ತು ಕಣ್ಣಿನ ಕೆಳ ಅಂಚು ಒಂದೇ ಅಡ್ಡ ಗೆರೆಯಲ್ಲಿರಬೇಕು. ಗದ್ದ ಎತ್ತಿದರೆ ಅಹಂಕಾರಿಯಂತೆ, ಇಳಿಸಿದರೆ ಸೋತವರಂತೆ ಕಾಣುತ್ತಾರೆ. ತುಟಿ ಮುಚ್ಚಿರಲಿ, ಹಲ್ಲು ಕಚ್ಚಿರಬಾರದು. ಆಚೆಗಣ್ಣಿನ ರೆಪ್ಪೆ ಒಂದೆಳೆ ಕಂಡರೂ ತಲೆ ನಿಮ್ಮ ಕಡೆ ತಿರುಗಿದೆ ಎಂದರ್ಥ, ಮೂಗು ಗಿಡ್ಡವಾಗುತ್ತದೆ. ಇನ್ನೊಂದು ತೆಗೆಯಿರಿ.

ನೆರಳು ಹಿಡಿದೇ ಮಾಡುತ್ತೇವೆ ಎನ್ನುವುದಾದರೆ ಲೆಕ್ಕ ಸುಲಭ. ಗೋಡೆಗೆ ಭುಜ ತಾಗಿಸಿ ಕುಳಿತರೆ ಮೂಗಿನ ಸಾಲು ಗೋಡೆಗೆ ಹಚ್ಚಿದ ಕಾಗದದಿಂದ ಸುಮಾರು 20 ಸೆಂ.ಮೀ. ದೂರವಿರುತ್ತದೆ. ದೀಪ ತಲೆಯಿಂದ 2 ಮೀಟರ್ ದೂರ. ದೀಪದ ಅಗಲದ ಹತ್ತನೇ ಒಂದರಷ್ಟು ಅಂಚು ಮಸುಕಾಗುತ್ತದೆ. 60 ಮಿ.ಮೀ. ಬಲ್ಬಾದರೆ 6 ಮಿ.ಮೀ. ಮಸುಕು, ತುಟಿಗಳೇ ಕರಗಿಹೋಗುತ್ತವೆ. ಫೋನಿನ ಟಾರ್ಚ್ 4 ಮಿ.ಮೀ. ಇದ್ದರೆ ಮಸುಕು ಅರ್ಧ ಮಿ.ಮೀ. ಒಳಗೇ. ಟ್ಯೂಬ್‌ಲೈಟ್ ಬೇಡವೇ ಬೇಡ. ನೆರಳು ಶೇ. 10ರಷ್ಟು ದೊಡ್ಡದಾಗಿ ಬೀಳುತ್ತದೆ, ಅದು ಪರವಾಗಿಲ್ಲ, ಹೇಗೂ ಚಿಕ್ಕದು ಮಾಡುತ್ತೀರಿ. ಹಿಂದೆ ಚಿಕ್ಕದು ಮಾಡಲು ನಾಲ್ಕು ಪಟ್ಟಿಗಳ ಪ್ಯಾಂಟೊಗ್ರಾಫ್ ಎಂಬ ಸಲಕರಣೆ ಇತ್ತು. ನಿಮಗೆ ಝೆರಾಕ್ಸ್ ಅಂಗಡಿ ಸಾಕು.

ಗದ್ದದಿಂದ ನೆತ್ತಿಗೆ 50 ಮಿ.ಮೀ., ಎದೆ ಸೇರಿ 75ರಿಂದ 80 ಮಿ.ಮೀ. ಒಳ್ಳೆಯ ಅಳತೆ, 5×7 ಇಂಚಿನ ಚೌಕಟ್ಟಿಗೆ ಸರಿಹೋಗುತ್ತದೆ. ಆ ಅಳತೆಯಲ್ಲಿ ಅರ್ಧ ಮಿ.ಮೀ. ತಪ್ಪು ಎಂದರೆ ನಿಜವಾದ ಮುಖದಲ್ಲಿ 2 ಮಿ.ಮೀ.ಗಿಂತ ಹೆಚ್ಚು. ಮೂಗಿನ ಬುಡದಿಂದ ಗದ್ದದವರೆಗಿನ ಗೆರೆಯಲ್ಲಿ ಅಷ್ಟು ತಪ್ಪಿದರೆ ಬೇರೆ ಮನುಷ್ಯ. ನೆತ್ತಿಯಲ್ಲಿ ಅದೇ ತಪ್ಪು ಯಾರಿಗೂ ಗೊತ್ತಾಗುವುದಿಲ್ಲ. ಆದ್ದರಿಂದ ಶ್ರಮವೆಲ್ಲ ಮೂಗಿನಿಂದ ಗದ್ದದವರೆಗಿನ ಆ ಗೆರೆಯಲ್ಲಿ ಹಾಕಿ. ಇನ್ನೊಂದು ಸಾಮಾನ್ಯ ತಪ್ಪು, ತಲೆಯ ಹಿಂಭಾಗವನ್ನು ಕಿರಿದು ಮಾಡುವುದು. ಪಕ್ಕದಿಂದ ನೋಡಿದರೆ ತಲೆಯ ಆಳ ಹೆಚ್ಚುಕಡಿಮೆ ಅದರ ಎತ್ತರದಷ್ಟೇ ಇರುತ್ತದೆ. ಕುತ್ತಿಗೆಯೂ ಕಂಬದಂತೆ ನೆಟ್ಟಗಿರುವುದಿಲ್ಲ, ಮುಂದಕ್ಕೆ ವಾಲಿರುತ್ತದೆ. ವಟುವಿನದು ಮಕ್ಕಳ ಮುಖ: ಹಣೆ ಉಬ್ಬು, ಗದ್ದ ಸಣ್ಣದು, ಮೂಗಿನ ತುದಿ ತುಸು ಮೇಲೆ. ಚೌಲವಾದ ಮೇಲೆ ತೆಗೆದರೆ ತಲೆಯ ಆಕಾರ ಪೂರ್ತಿ ಸಿಗುತ್ತದೆ, ಹಿಂದೆ ಜುಟ್ಟಿನ ಒಂದು ಕುಡಿ. ಅಷ್ಟು ಚಂದದ ನೆರಳು ಮತ್ತೆ ಸಿಗುವುದಿಲ್ಲ.

ಲೇಸರ್ ಬಗ್ಗೆ ಕೇಳಿದಿರಿ. ಲೇಸರ್ ಕಾಗದವನ್ನು ಸುಡುತ್ತದೆ. ಕಪ್ಪು ಕಾಗದದ ಅಂಚಿನಲ್ಲಿ ಮಸಿ ಕೂತು, ಅಂಟಿಸುವಾಗ ಬಿಳಿ ಹಲಗೆಗೆ ಬಳಿದುಕೊಳ್ಳುತ್ತದೆ. ಅದನ್ನು ಒರೆಸಿ ಸರಿಮಾಡಬಹುದು. ಸರಿಮಾಡಲಾಗದ್ದು ಬೇರೆ ಇದೆ. ಯಂತ್ರ ಫೋಟೊದ ಪ್ರತಿ ಉಬ್ಬುತಗ್ಗನ್ನೂ ಸಮಾನವಾಗಿ ನಕಲು ಮಾಡುತ್ತದೆ. ಕೆದರಿದ ಕೂದಲಿಗೂ ತುಟಿಗೂ ಒಂದೇ ಬೆಲೆ. ಕತ್ತರಿ ಹಿಡಿದವರು ಇದು ಬೇಕು, ಇದು ಬೇಡ ಎಂದು ಆರಿಸುತ್ತಾರೆ, ಆರಿಸಿದ್ದನ್ನು ಒಂದೇ ಓಟದ ಗೆರೆಯಲ್ಲಿ ಹೇಳುತ್ತಾರೆ. ಕಣ್ಣಿಲ್ಲ, ಬಣ್ಣವಿಲ್ಲ; ಉಳಿದದ್ದನ್ನು ನೋಡುವವರು ತಮ್ಮ ನೆನಪಿನಿಂದ ತುಂಬಿಕೊಳ್ಳುತ್ತಾರೆ. ಅದಕ್ಕೇ ಮನೆಯವರಿಗೆ ಈ ಚಿತ್ರ ಫೋಟೊಗಿಂತ ಹತ್ತಿರವೆನಿಸುವುದು.

ಅಗ್ಗದ ಕಲೆಯೆಂದೇ ಇದು ಹೆಸರಾದದ್ದು. ಎತಿಯೆನ್ ದ ಸಿಲೂಯೆಟ್ 1759ರಲ್ಲಿ ಕೆಲವೇ ತಿಂಗಳು ಫ್ರಾನ್ಸಿನ ಹಣಕಾಸು ನೋಡಿಕೊಂಡ, ಖರ್ಚು ಹಿಡಿದು ಜನರ ಬೈಗುಳ ತಿಂದ, ಕಡಿಮೆ ಖರ್ಚಿನ ಎಲ್ಲಕ್ಕೂ ಅವನ ಹೆಸರಂಟಿತು. ಬಣ್ಣದ ಭಾವಚಿತ್ರಕ್ಕೆ ದುಡ್ಡಿಲ್ಲದವರಿಗೆ ಈ ಕಪ್ಪು ಮುಖವೇ ಭಾವಚಿತ್ರ. ಫಿಲಡೆಲ್ಫಿಯಾದ ಪೀಲ್ ಮ್ಯೂಸಿಯಮ್ಮಿನಲ್ಲಿ ಗುಲಾಮಗಿರಿಯಿಂದ ಬಿಡುಗಡೆಯಾದ ಮೋಸೆಸ್ ವಿಲಿಯಮ್ಸ್ 1803ರ ಒಂದೇ ವರ್ಷದಲ್ಲಿ ಎಂಟು ಸಾವಿರಕ್ಕೂ ಹೆಚ್ಚು ಮುಖ ಕತ್ತರಿಸಿದ. 1839ರಲ್ಲಿ ಫೋಟೊಗ್ರಫಿ ಬಂದ ಮೇಲೆ ಈ ಕಸುಬು ಸೊರಗಿತು. ನಾವು ಫೋಟೊಗೆ ಛಾಯಾಚಿತ್ರ ಎಂದೆವು; ನಿಜವಾದ ಛಾಯೆಯ ಚಿತ್ರಕ್ಕೆ ಆ ಹೆಸರು ಉಳಿಯಲಿಲ್ಲ.

ಮಡಗಾಂವ್ ನೆರಳು, ಗೋವಾ

ಎರಡು ಪ್ರತಿ ಬೇಕು ಅಂದಿರಲ್ಲ ಮಾರಾಯ್ರೆ, ಅಲ್ಲೊಂದು ಜಾಗ್ರತೆ ಬೇಕು.

ಕಾಗದ ಮಡಚಿ ಒಟ್ಟಿಗೆ ಎರಡು ಕತ್ತರಿಸುವುದು ಹಳೆಯ ಪದ್ಧತಿ. 19ನೇ ಶತಮಾನದ ಕತ್ತರಿ ಕಲಾವಿದ ಆಗಸ್ಟಿನ್ ಎದುವಾರ್ ಹಾಗೆಯೇ ಮಾಡಿ ಒಂದನ್ನು ಗಿರಾಕಿಗೆ ಕೊಟ್ಟು, ಇನ್ನೊಂದನ್ನು ಹೆಸರು ತಾರೀಕು ಬರೆದು ಆಲ್ಬಮ್ಮಿಗೆ ಅಂಟಿಸಿಕೊಳ್ಳುತ್ತಿದ್ದ. (1849ರಲ್ಲಿ ಗರ್ನ್‌ಸಿ ದ್ವೀಪದ ಹತ್ತಿರ ಅವನಿದ್ದ ಹಡಗು ಒಡೆದು ಆ ಆಲ್ಬಮ್ಮುಗಳಲ್ಲಿ ಹೆಚ್ಚಿನವು ನೀರುಪಾಲಾದವು. ಪಾಪ, ಎಷ್ಟು ಮುಖಗಳು!) ಆದರೆ ಒಂದೇ ಬದಿ ಕಪ್ಪಿರುವ ಕಾಗದ ಮಡಚಿದರೆ ಒಂದು ಪ್ರತಿ ಎಡಕ್ಕೆ ನೋಡುತ್ತದೆ, ಇನ್ನೊಂದು ಬಲಕ್ಕೆ. ಬರೀ ಹೊರ ಅಂಚಿನ ಚಿತ್ರವಾದರೆ ತೊಂದರೆ ಇಲ್ಲ. ನೀವು ವಟುವಿನ ಬರಿಮೈ ಮೇಲೆ ಜನಿವಾರವನ್ನು ಬಿಳಿ ಗೆರೆಯಾಗಿ ಸೀಳಿ ತೋರಿಸುತ್ತೀರಿ ಅಂತ ಇಟ್ಟುಕೊಳ್ಳಿ. ಎಡಕ್ಕೆ ನೋಡುವ ಚಿತ್ರದಲ್ಲಿ ನಮಗೆ ಕಾಣುವುದು ಅವನ ಎಡ ಭುಜ, ದಾರ ಅದರ ಮೇಲೆ; ಸರಿ, ಅದು ಸವ್ಯ. ಬಲಕ್ಕೆ ನೋಡುವ ಪ್ರತಿಯಲ್ಲಿ ಅದೇ ದಾರ ಬಲ ಭುಜದ ಮೇಲೆ ಬರುತ್ತದೆ. ಅದು ಅಪಸವ್ಯ, ಶ್ರಾದ್ಧದ ಹೊತ್ತಿಗೆ ಹಾಕುವುದು. ಮುಂಜಿಯ ಉಡುಗೊರೆಯಲ್ಲಿ ಹಾಗಿರಬಾರದು. ಸೋದರಮಾವನ ಮನೆಯ ಹಿರಿಯರ ಕಣ್ಣಿಗೆ ಮೊದಲು ಬೀಳುವುದೇ ಅದು.

ಅಮ್ಮ, ಅಜ್ಜಿಯರ ಸೆರಗೂ ಹಾಗೆಯೇ, ಎಡ ಭುಜದ್ದು ಬಲಕ್ಕೆ ಹೋಗುತ್ತದೆ. ಮರಾಠಿ ರೀತಿಯ ನತ್ತು ಎಡ ಹೊಳ್ಳೆಯದು, ಅದೂ ಬದಲಾಗುತ್ತದೆ.

ಪರಿಹಾರ ಸುಲಭ. ಮಡಚಬೇಡಿ. ಎರಡು ಹಾಳೆಗಳನ್ನು ಬಿಳಿ ಬೆನ್ನು ಮೇಲಾಗಿ ಒಂದರ ಮೇಲೊಂದು ಇಟ್ಟು, ಮುಖದಿಂದ 1 ಸೆಂ.ಮೀ. ಹೊರಗೆ ನಾಲ್ಕು ಕಡೆ ಸ್ಟೇಪಲ್ ಹೊಡೆಯಿರಿ. ಎರಡೂ ಒಂದೇ ಕಡೆ ನೋಡುತ್ತವೆ. ಎರಡೂ ಬದಿ ಕಪ್ಪಿರುವ ಕಾಗದವಾದರೆ ಮಡಚಿಯೇ ಕತ್ತರಿಸಿ, ಒಂದನ್ನು ಮಗುಚಿ ಅಂಟಿಸಿದರೆ ಆಯಿತು. ಎರಡು ಪದರವಿದ್ದರೆ 80 ಜಿಎಸ್‌ಎಂ ಮೀರುವುದು ಬೇಡ, ಕೆಳಗಿನ ಹಾಳೆ ಜಾರಿ ತುಟಿ ಮೊಂಡಾಗುತ್ತದೆ.

ಒಳಸೀಳಿಗೆ ಕತ್ತರಿ ಬೇಡ, ಮೊನಚು ಬ್ಲೇಡಿನ ಚೂರಿ ಸಾಕು. ಜನಿವಾರಕ್ಕೆ 0.5 ಮಿ.ಮೀ. ಅಗಲದ ಸೀಳು, ಪೂರ್ತಿ ಉದ್ದಕ್ಕೆ ಬೇಡ. 15 ಮಿ.ಮೀ. ಸೀಳಿ, 2 ಮಿ.ಮೀ. ಬಿಟ್ಟು, ಮತ್ತೆ ಸೀಳಿ. ಇಲ್ಲದಿದ್ದರೆ ಭುಜದ ತುಂಡು ಸಡಿಲವಾಗಿ ಅಂಟಿಸುವಾಗ ಸರಿಯುತ್ತದೆ. ಎಲ್ಲಿ ಎಷ್ಟು ಸೀಳಬೇಕು, ಎಲ್ಲಿ ಸೇತುವೆ ಉಳಿಸಬೇಕು ಎಂಬುದನ್ನು ಕಲಿಯಲು ತೊಗಲು ಗೊಂಬೆಗಿಂತ ಒಳ್ಳೆಯ ಪಾಠವಿಲ್ಲ. ಮುಂಬೈಯಿಂದ ಗೋವಾಕ್ಕೆ ಬರುವ ದಾರಿಯಲ್ಲೇ ಕುಡಾಳ ತಾಲೂಕಿನ ಪಿಂಗುಳಿ ಇದೆ, ಠಾಕರ್ ಸಮುದಾಯದವರ ಚರ್ಮದ ಗೊಂಬೆಗಳ ಊರು. ಆಭರಣವೆಲ್ಲ ಅಲ್ಲಿ ತೂತುಗಳಲ್ಲೇ ಮೂಡುತ್ತದೆ.

ಮುಲುಂಡ್ ಚೌಕಟ್ಟು

ಅಂಟಿನ ವಿಷಯದಲ್ಲಿ ಪುಣೆಯವರ ಮಾತನ್ನು ಒಪ್ಪಲಾರೆ. ಚುಕ್ಕಿ ಅಂಟು ಪುಣೆಯ ಒಣ ಹವೆಗೆ ನಡೆದೀತು. ಡೊಂಬಿವಲಿಯಲ್ಲಿ ಮೇ ಮುಗಿದು ಜೂನ್ ಬಂದರೆ ಕಾಗದ ತೇವ ಹೀರಿ ಹಿಗ್ಗುತ್ತದೆ. ಅಂಟಿಲ್ಲದ ಮೂಗು, ಜುಟ್ಟು ಎದ್ದು ನಿಲ್ಲುತ್ತವೆ. ಪೂರ್ತಿ ಬಳಿಯಬೇಕು, ಆದರೆ ತೀರಾ ತೆಳ್ಳಗೆ.

ನಿಮ್ಮದು ಸುರುಳಿಯಾದದ್ದಕ್ಕೆ ಕಾರಣ ಬಿಳಿ ಮರದಂಟಿನ ನೀರು. ಒಂದು ಬದಿ ನೆನೆದು ಹಿಗ್ಗಿತು, ಒಣಗುವಾಗ ಅಂಟು ಬಿಗಿದು ಎಳೆಯಿತು. ಮೊದಲು ಒಂದು ತುಂಡು ಕಪ್ಪು ಕಾಗದವನ್ನು ಒದ್ದೆ ಹತ್ತಿಯಿಂದ ಉಜ್ಜಿ. ಹತ್ತಿ ಕಪ್ಪಾದರೆ ಆ ಕಾಗದಕ್ಕೆ ನೀರಿನ ಯಾವ ಅಂಟೂ ಸಲ್ಲದು, ಆಮ್ಲರಹಿತ ಗ್ಲೂ ಸ್ಟಿಕ್ ಬಳಸಿ. ಬಣ್ಣ ಬಿಡದಿದ್ದರೆ ಗೋಧಿ ಪಿಷ್ಟದ ಅಂಟು: 1 ಅಳತೆ ಪಿಷ್ಟ, 5 ಅಳತೆ ನೀರು, ಸಣ್ಣ ಉರಿಯಲ್ಲಿ ಕೈಬಿಡದೆ ಕಲಕುತ್ತ ಅರೆಪಾರದರ್ಶಕವಾಗುವವರೆಗೆ ಕಾಯಿಸಿ, ಆರಿಸಿ, ಬಟ್ಟೆಯಲ್ಲಿ ಸೋಸಿ, ಮಜ್ಜಿಗೆಯಷ್ಟು ತೆಳುವಾಗಿಸಿ. ಮೃದು ಬ್ರಷ್ಷಿನಿಂದ ನಡುವಿನಿಂದ ಅಂಚಿನ ಕಡೆಗೆ. ಹಲಗೆಗೆ ಅಂಟಿಸಿ, ಮೇಲೆ ಬೆಣ್ಣೆ ಕಾಗದ, ಅದರ ಮೇಲೆ ನೀರು ಹೀರುವ ಒತ್ತುಕಾಗದ, ಮೇಲೆ 2 ಕಿಲೋ ತೂಕ, 24 ಗಂಟೆ. ಅವಸರ ಮಾಡಿ ಆರು ಗಂಟೆಗೆ ತೆಗೆದರೆ ಮತ್ತದೇ ಸುರುಳಿ.

ನಾರಿನ ದಿಕ್ಕನ್ನೂ ನೋಡಿ. ಅಂಗೈ ಅಗಲದ ತುಂಡಿನ ಒಂದು ಬದಿ ಒದ್ದೆ ಮಾಡಿದರೆ ಅದು ಕೊಳವೆಯಂತೆ ಸುತ್ತಿಕೊಳ್ಳುತ್ತದೆ; ಕೊಳವೆ ಉದ್ದವಿರುವ ಕಡೆಗೇ ನಾರು. ಚಿತ್ರದ ನಾರು, ಹಲಗೆಯ ನಾರು ಎರಡೂ ಮೇಲುಕೆಳಗಾಗಿ ಒಂದೇ ದಿಕ್ಕಿನಲ್ಲಿರಲಿ.

ಚೌಕಟ್ಟಿನಲ್ಲಿ ಗಾಜು ಚಿತ್ರಕ್ಕೆ ತಾಗಕೂಡದು. ಮಳೆಗಾಲದಲ್ಲಿ ಗಾಜಿನ ಒಳಮೈ ಬೆವರಿ ಕಪ್ಪು ಕಾಗದ ಅಂಟಿಕೊಂಡರೆ ಬಿಡಿಸಲು ಬರುವುದಿಲ್ಲ. ಕಿಟಕಿ ಕೊರೆದ ಮೌಂಟ್ (ಚಿತ್ರದ ಸುತ್ತ ಕೂರುವ ದಪ್ಪ ರಟ್ಟು) ಹಾಕಿಸಿ, 2ರಿಂದ 3 ಮಿ.ಮೀ. ಅಂತರವಿರಲಿ. ಹಿಂಬದಿಗೆ ಎಂಡಿಎಫ್ (ಮರದ ನಾರು ಒತ್ತಿ ಮಾಡಿದ) ಹಲಗೆ ನೇರವಾಗಿ ತಾಗಿದರೆ ಬಿಳಿ ಮೌಂಟ್ ಕಂದಾಗುತ್ತದೆ, ನಡುವೆ ಆಮ್ಲರಹಿತ ಹಾಳೆ ಇಡಿಸಿ. ಚೌಕಟ್ಟಿನ ಹಿಂದೆ ಕೆಳಗಿನ ಎರಡು ಮೂಲೆಗೆ ಫೆಲ್ಟ್ ಗುಂಡಿ ಅಂಟಿಸಿ, ಗೋಡೆಗೂ ಅದಕ್ಕೂ ನಡುವೆ ಗಾಳಿಯಾಡಲಿ. ಮಳೆ ಹೊಡೆಯುವ ಹೊರಗೋಡೆಗೆ ತೂಗುಹಾಕಬೇಡಿ.

ಚಿತ್ರದ ಬೆನ್ನಿಗೆ ಹೆಸರು, ದಿನ, ಊರು ಪೆನ್ಸಿಲಿನಲ್ಲಿ ಬರೆಯಿರಿ, ಬಾಲ್‌ಪೆನ್ ಬೇಡ.

ಕೊತ್ರೂಡ್ ಕತ್ತರಿ, ಪುಣೆ

ಚುಕ್ಕಿ ಅಂಟಿನ ಮಾತು ವಾಪಸ್ ತಗೋತೀನ್ರಿ, ನಿಮ್ಮ ಹವಾ ಲೆಕ್ಕಕ್ಕ ಹಿಡದಿದ್ದಿಲ್ಲ. ಆದ್ರ ಪಿಷ್ಟಕ್ಕ ಬೆಳ್ಳಿ ಹಂಗ ಮಿಂಚೋ ಆ ಪುಸ್ತಕದ ಹುಳ ಬರೂದಿಲ್ಲೇನ್ರಿ?

ಮುಲುಂಡ್ ಚೌಕಟ್ಟು

ಬರುತ್ತದೆ, ಸರಿಯಾದ ಪ್ರಶ್ನೆ. ಚೌಕಟ್ಟಿನ ಹಿಂಬದಿ ನಾಲ್ಕೂ ಅಂಚಿಗೆ ಕಾಗದದ ಟೇಪ್ ಬಿರುಕಿಲ್ಲದಂತೆ ಸುತ್ತಿಸಿದರೆ ಒಳಗೆ ಹೋಗಲು ದಾರಿಯಿರುವುದಿಲ್ಲ. ಆ ಭರವಸೆಯಿಲ್ಲದಿದ್ದರೆ ಪಿಷ್ಟದ ಬದಲು ಮೀಥೈಲ್ ಸೆಲ್ಯುಲೋಸ್ ಎಂಬ ಅಂಟಿನ ಪುಡಿ, 100 ಮಿ.ಲೀ. ನೀರಿಗೆ 3 ಗ್ರಾಂ, ರಾತ್ರಿಯಿಡೀ ನೆನೆಹಾಕಿ ಬಳಸಿ. ಹಿಡಿತ ಸ್ವಲ್ಪ ಕಡಿಮೆ, ಇಷ್ಟು ಸಣ್ಣ ಚಿತ್ರಕ್ಕೆ ಸಾಕು.

ಡೊಂಬಿವಲಿ ಈಸ್ಟ್

ಎಲ್ಲರಿಗೂ ಧನ್ಯವಾದ. ಜನಿವಾರದ ವಿಷಯ ಹೊಳೆದೇ ಇರಲಿಲ್ಲ. ಇನ್ನೊಂದೇ ಪ್ರಶ್ನೆ: ಅಜ್ಜಿಗೆ ಕನ್ನಡಕವಿದೆ, ತುರುಬಿಗೆ ಮಲ್ಲಿಗೆ ದಂಡೆ ಮುಡಿಯುತ್ತಾರೆ. ಕಪ್ಪು ಕಾಗದದಲ್ಲಿ ಇವೆರಡನ್ನೂ ತೋರಿಸಬಹುದೇ? ಕನ್ನಡಕ ತೆಗೆಸಿಬಿಡುವುದೇ?

ಮಡಗಾಂವ್ ನೆರಳು, ಗೋವಾ

ತೆಗೆಸಬೇಡಿ. ಕನ್ನಡಕವಿಲ್ಲದೆ ಮನೆಯವರಿಗೆ ಅಜ್ಜಿ ಅನ್ನಿಸುವುದಿಲ್ಲ.

ಪಕ್ಕದಿಂದ ಕಾಣುವುದು ಕನ್ನಡಕದ ಚೌಕಟ್ಟಿನ ಮುಂದಿನ ಅಂಚು ಮಾತ್ರ. ಹುಬ್ಬಿನ ಕೆಳಗೆ 1 ಮಿ.ಮೀ. ಮುಂದೆ ಚಾಚಿದ, 7–8 ಮಿ.ಮೀ. ಉದ್ದದ ಒಂದು ಪಟ್ಟಿ ಉಳಿಸಿಕೊಳ್ಳಿ. ಆ ಪಟ್ಟಿಗೂ ಕಣ್ಣಿನ ಗುಳಿಗೂ ನಡುವೆ ಚೂರಿಯಿಂದ ಸಣ್ಣ ಬಿಳಿ ಸಂದು ತೆಗೆಯಿರಿ, ಆಗ ಗಾಜಿದೆ ಎಂದು ಗೊತ್ತಾಗುತ್ತದೆ. ಸಂದು ಮೊದಲು, ಹೊರ ಅಂಚು ಆಮೇಲೆ. ತಿರುಗಿ ಮಾಡಿದರೆ ಪಟ್ಟಿ ಮುರಿಯುತ್ತದೆ. ಕಿವಿಗೆ ಹೋಗುವ ಕಡ್ಡಿಯನ್ನು ಸೀಳಿ ತೋರಿಸುವುದು ಬೇಡ, ಮುಖ ಎರಡು ಭಾಗವಾದಂತೆ ಕಾಣುತ್ತದೆ. ಹಲ್ಲು ಬಿದ್ದ ವಯಸ್ಸಾದರೆ ತುಟಿ ಒಳಗೆ ಸರಿದು ಗದ್ದ ಮೂಗಿನ ಕಡೆ ಏರಿರುತ್ತದೆ. ಅದನ್ನು ತಿದ್ದಿ ಚಂದ ಮಾಡಲು ಹೋಗಬೇಡಿ, ಹಾಗೇ ಇರಲಿ.

ಮಲ್ಲಿಗೆಗೆ ತುರುಬಿನ ಹೊರ ಅಂಚಿನಲ್ಲಿ ಕತ್ತರಿ ತುದಿಯಿಂದ 1.5 ಮಿ.ಮೀ. ಸುಮಾರಿನ ಸಣ್ಣ ಉಬ್ಬುಗಳು, ಎಂಟು ಹತ್ತು ಸಾಕು. ಒಂದೇ ಅಳತೆಯಲ್ಲಿ ಬಂದರೆ ಗರಗಸದ ಹಲ್ಲಿನಂತೆ ಕಾಣುತ್ತದೆ. ಒಂದು ದಪ್ಪ, ಎರಡು ಸಣ್ಣ, ಒಂದು ಮೊಗ್ಗಿನಂತೆ ಚೂಪು, ಹೀಗೆ ಇರಲಿ. ದಂಡೆಗೂ ತುರುಬಿಗೂ ನಡುವೆ ಹೊಲಿಗೆ ಸೂಜಿಯಿಂದ, ಹಿಂದಿನಿಂದಲ್ಲ, ಕಪ್ಪು ಬದಿಯಿಂದ ನಾಲ್ಕೈದು ತೂತು ಚುಚ್ಚಿ. ಹಿಂದಿನಿಂದ ಚುಚ್ಚಿದರೆ ಕಾಗದದ ಬಿರುಕು ಮುಂದೆ ಎದ್ದು ನಿಲ್ಲುತ್ತದೆ.